ಮ್ಯಾಟ್ ಹಾಕಿದ್ರೂ ಹಸು ಜಾರುತ್ತಿವೆ, ಇಂಗುಗುಂಡಿ ಉಕ್ಕುತ್ತಿದೆ. ನೆಲ ಒಡೆಸಬೇಕಾ?

ಚಿಂತಾಮಣಿ_ಕೊಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ಒಂದೇ ಸಾಲಲ್ಲಿ ಕಟ್ಟುವುದು. ನೆಲ ಕಾಂಕ್ರೀಟ್, ಮೇಲೆ ಕರಣೆಯಲ್ಲಿ ನುಣ್ಣಗೆ ತಿಕ್ಕಿಸಿದ್ದು. ಗೋದಲಿಯಿಂದ ಚರಂಡಿವರೆಗೆ 6.5 ಅಡಿ, ಅಷ್ಟುದ್ದಕ್ಕೂ ರಬ್ಬರ್ ಮ್ಯಾಟ್ ಇದೆ. ಚರಂಡಿ 24 ಅಡಿ ಉದ್ದ, 9 ಇಂಚು ಅಗಲ, 6 ಇಂಚು ಆಳ. ಕೊನೆಯಲ್ಲಿ 4 ಇಂಚಿನ ಪೈಪು, ಅಲ್ಲಿಂದ ಇಂಗುಗುಂಡಿ.

ಏಳುವಾಗ ಹಿಂಗಾಲು ಜಾರುತ್ತವೆ, ಎರಡಕ್ಕೆ ಹಿಂಗಾಲಿನ ಕೀಲು ಊದಿದೆ. ಮ್ಯಾಟ್ ಎತ್ತಿದರೆ ಕೆಳಗೆ ಗಂಜಲ ನಿಂತಿರುತ್ತೆ, ಕಣ್ಣು ಉರಿಯುವಷ್ಟು ಘಾಟು. ಸುಣ್ಣ ಎರಚಿದರೆ ಘಾಟು ಇನ್ನೂ ಜಾಸ್ತಿ. ಪೈಪು ಕಟ್ಟಿಕೊಳ್ಳುತ್ತೆ, ಗುಂಡಿ ಉಕ್ಕುತ್ತೆ. ಗುಂಡೀನ ಇನ್ನೂ ನಾಲ್ಕು ಅಡಿ ಆಳ ಮಾಡಿಸಿದರೆ ಸರಿಹೋಗುತ್ತಾ?

ಗಾರೆ_ತುಮಕೂರು:
ಗುಂಡಿಗೆ ಈಗಲೇ ಕೈ ಹಾಕಬೇಡಿ. ಮೊದಲು ಮೂರು ಅಳತೆ ಹೇಳಿ. ಒಂದು, ಟ್ಯೂಬ್ ಲೆವೆಲ್ (ಮಟ್ಟ ನೋಡೋ ನೀರು ತುಂಬಿದ ಪೈಪು) ಹಿಡಿದು ನೋಡಿದರೆ ಗೋದಲಿ ಬುಡಕ್ಕೂ ಚರಂಡಿ ಅಂಚಿಗೂ ಎಷ್ಟು ಇಳಿಜಾರು ಇದೆ? ಚರಂಡಿಯ ಎರಡು ತುದಿಗಳ ನಡುವೆ ಎಷ್ಟು? ಎರಡು, ದಿನಕ್ಕೆ ಎಷ್ಟು ನೀರು ಹಾಯಿಸಿ ತೊಳೀತೀರಿ? ಮೂರು, ಬೋರ್‌ವೆಲ್ ಎಷ್ಟು ದೂರ?

ಚಿಂತಾಮಣಿ_ಕೊಟ್ಟಿಗೆ:
ನೆಲಕ್ಕೆ ಅರ್ಧ ಇಂಚು ಅಷ್ಟೇ ಅಣ್ಣ. ಚರಂಡಿ ಎರಡೂ ತುದಿ ಒಂದೇ ಮಟ್ಟ. 20 ಲೀಟರ್ ಬಕೆಟ್ 25 ಸೆಕೆಂಡಿಗೆ ತುಂಬುತ್ತೆ, ಬೆಳಿಗ್ಗೆ ಸಂಜೆ ತಲಾ ಹತ್ತು ನಿಮಿಷ ಪೈಪ್ ಹಿಡೀತೀವಿ. ಬೋರ್ 40 ಅಡಿ ದೂರ.

ಗಾರೆ_ತುಮಕೂರು:
ಹಾಗಾದರೆ ತೊಳೆಯೋ ನೀರೇ ದಿನಕ್ಕೆ 950 ಲೀಟರ್ ಮೇಲಾಯ್ತು. ಆರು ಹಸುವಿನ ಗಂಜಲ ಅಂದರೆ 60–75 ಲೀಟರ್. ಗುಂಡಿಗೆ ಹೋಗ್ತಿರೋದು ಬಹುಪಾಲು ನಿಮ್ಮ ಬೋರ್‌ವೆಲ್ ನೀರೇ, ಸಗಣಿ ಕದಡಿಕೊಂಡು. ಆ ಸಗಣಿಯ ನಾರು, ಜಿಗುಟು ಸೇರಿ ಮಣ್ಣಿನ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತೆ. ಆಳ ಮಾಡಿಸಿದರೆ ಹೊಸ ಮಣ್ಣು ಸಿಗೋದರಿಂದ ಕೆಲವು ವಾರ ಇಂಗಬಹುದು, ಆಮೇಲೆ ಅದೇ ಕಥೆ. ಮೇಲಾಗಿ 40 ಅಡಿಯಲ್ಲಿ ಬೋರ್ ಇಟ್ಟುಕೊಂಡು ಗಂಜಲ ಇಂಗಿಸೋದು ತಪ್ಪು. ಗಂಜಲದ ಸಾರಜನಕ ನೈಟ್ರೇಟ್ ಆಗಿ ನೀರಿಗೆ ಇಳಿಯುತ್ತೆ. ಕುಡಿಯೋ ನೀರಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಹಸುಗೂಸುಗಳಿಗೆ ಅದು ಅಪಾಯ. ಒಮ್ಮೆ ನೀರು ಪರೀಕ್ಷೆ ಮಾಡಿಸಿ.

ಈಗ ನೆಲ. 6.5 ಅಡಿಗೆ ಅರ್ಧ ಇಂಚು ಅಂದರೆ 1:156, 156 ಇಂಚಿಗೆ ಒಂದೇ ಇಂಚು ಇಳಿಜಾರು. ಬೇಕಾದ್ದು 1:40ರಿಂದ 1:60. ಅದಕ್ಕಿಂತ ಸಮತಟ್ಟಾದರೆ ಗಂಜಲ ಹರಿಯಲ್ಲ. ತೀರಾ ಕಡಿದಾದರೆ ತುಂಬು ಗಬ್ಬದ ಹಸುಗಳಲ್ಲಿ ಮೈ (ಗರ್ಭಕೋಶದ ಭಾಗ) ಹೊರಬೀಳೋ ಭಯ. ನಿಲ್ಲೋ ಜಾಗವೂ ನಿಮ್ಮಲ್ಲಿ ಉದ್ದ ಜಾಸ್ತಿ. ಮಿಶ್ರತಳಿಗೆ 5.25–5.5 ಅಡಿ ಸಾಕು. ಮ್ಯಾಟಿನ ಅಳತೆ ನೋಡಿ ನೆಲದ ಅಳತೆ ಮಾಡಿಸೋದು ಎಲ್ಲ ಕಡೆ ಕಾಣೋ ತಪ್ಪು. ಸಗಣಿ ಚರಂಡಿಗೆ ಬೀಳದೆ ಒಂದು ಅಡಿ ಮುಂಚೆ ಮ್ಯಾಟ್ ಮೇಲೇ ಬೀಳುತ್ತೆ, ಹಸು ಅದರಲ್ಲೇ ಮಲಗುತ್ತೆ, ಅದನ್ನ ತೊಳೆಯೋಕೆ ನೀವು ನೀರು ಸುರೀತೀರಿ.

ಇಡೀ ನೆಲ ಒಡೆಸೋದು ಬೇಡ. ಗೋದಲಿಯ ಗೋಡೆಯನ್ನ ಹಸುವಿನ ಕಡೆಗೆ ಒಂದು ಅಡಿ ತನ್ನಿ. ಹಸುವಿನ ಕಡೆಯ ಗೋಡೆ ಒಂದು ಅಡಿಗಿಂತ ಎತ್ತರ ಬೇಡ, ಮಲಗಿದಾಗ, ಏಳುವಾಗ ತಲೆ ಮುಂದಕ್ಕೆ ಚಾಚೋಕೆ ಜಾಗ ಇರಬೇಕು. ಆಮೇಲೆ ಹಳೇ ನೆಲದ ಮೇಲೆ ಗೋದಲಿ ಬುಡದಲ್ಲಿ 3 ಇಂಚು, ಚರಂಡಿ ಅಂಚಲ್ಲಿ 2 ಇಂಚು ದಪ್ಪ ಬರೋ ಹಾಗೆ ಕಾಂಕ್ರೀಟ್ ಹಾಕಿಸಿ. ಹಳೇ ಇಳಿಜಾರೂ ಸೇರಿ 1:50ರ ಹತ್ತಿರ ಬರುತ್ತೆ.

ಒಂದು ಇಂಚಿನ ತೆಳು ಗಾರೆ ಮೆತ್ತಿ ಮುಗಿಸ್ತೀನಿ ಅನ್ನೋ ಮೇಸ್ತ್ರಿ ಸಿಕ್ಕೇ ಸಿಗ್ತಾರೆ, ಒಪ್ಪಬೇಡಿ. ನುಣುಪು ನೆಲಕ್ಕೆ ಅದು ಹಿಡಿಯಲ್ಲ, ವರ್ಷದೊಳಗೆ ಹಾಳೆ ಹಾಳೆಯಾಗಿ ಏಳುತ್ತೆ. ಹಳೇ ನೆಲ ಪೂರ್ತಿ ಉಳಿಯಲ್ಲಿ ಕಚ್ಚು ಹೊಡೆಸಿ, ತೊಳೆದು, ಒಂದು ರಾತ್ರಿ ನೆನೆಸಿ. ಹಾಕೋ ಮುಂಚೆ ನಿಂತ ನೀರು ತೆಗೆದು ಗಟ್ಟಿ ಸಿಮೆಂಟ್ ಹಾಲು ಬಳಿದು, ಅದು ಒಣಗೋ ಮುಂಚೆ ಕಾಂಕ್ರೀಟ್ ಸುರೀಬೇಕು. 24 × 5.5 ಅಡಿಗೆ ಸುಮಾರು 28 ಘನ ಅಡಿ ಬೇಕು. ಸಿಮೆಂಟ್, ಮರಳು, ಜಲ್ಲಿ 1:1½:3 ಮಿಶ್ರಣ, ಅರ್ಧ ಇಂಚಿನ ಜಲ್ಲಿ. ಸಿಮೆಂಟ್ 7 ಮೂಟೆ, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) 12–13 ಘನ ಅಡಿ, ಜಲ್ಲಿ 24–25. ನೀರು ಕಡಿಮೆ ಹಾಕಿಸಿ. ತೆಳ್ಳಗೆ ಕಲಸಿದ್ದು ಬೇಗ ಸವೆಯುತ್ತೆ.

ಕಬ್ಬಿಣದ ಕರಣೆ ಆಡಿಸೋದು ಬೇಡ, ಮರದ ಹಲಗೆಯಲ್ಲೇ ಮುಗಿಸಲಿ. ಹಸಿ ಇರುವಾಗ 10–12 ಮಿ.ಮೀ. ಸರಳು ಒತ್ತಿ 4 ಇಂಚಿಗೊಂದರಂತೆ ಗೀರು ಎಳೆಸಿ, ಆಳ ಒಂದು ಸೆಂ.ಮೀ. ಮ್ಯಾಟ್ ಕೂರೋ ಕಡೆ ಗೀರು ಚರಂಡಿ ಕಡೆಗೆ ಇಳೀಬೇಕು, ಅಡಿಯಲ್ಲಿ ಗಂಜಲ ಹರಿಯೋಕೆ. ಹಸು ನಡೆದಾಡೋ ಓಣಿಯಲ್ಲಿ ಓರೆಯಾಗಿ ಚೌಕುಳಿ. ಓಣಿಯ ಹಳೇ ನೆಲಕ್ಕೆ ಗ್ರೈಂಡರ್‌ನಲ್ಲಿ ಡೈಮಂಡ್ ಬ್ಲೇಡ್ ಹಾಕಿ ಎರಡು ಸಮಾನಾಂತರ ಕೊಯ್ತ ಹಾಕಿ ನಡುವಿನದ್ದನ್ನ ಉಳಿಯಲ್ಲಿ ಎಬ್ಬಿಸಿದರೂ ಆಗುತ್ತೆ. ಚೂಪು ಅಂಚನ್ನ ಕಲ್ಲಲ್ಲಿ ಉಜ್ಜಿ.

ಚರಂಡಿ ಈಗ 8 ಇಂಚು ಆಳವಾಗುತ್ತೆ. ಮೇಲಿನ ತುದಿಯಲ್ಲಿ 5 ಇಂಚು ತುಂಬಿಸಿ ಆಳ 3 ಇಂಚಿಗೆ ತನ್ನಿ, ಕೊನೆಯಲ್ಲಿ 8 ಹಾಗೇ ಬಿಡಿ. 24 ಅಡಿಗೆ 5 ಇಂಚು ಇಳಿಜಾರು ಸಿಕ್ಕಿತು. ಓಣಿ ಕಡೆ ಕೊರೆದು ಅಗಲ 14 ಇಂಚು ಮಾಡಿಸಿ, ಸಲಿಕೆ ಆಡಬೇಕು. ತಳದ ಮೂಲೆಗಳು ದುಂಡಗಿರಲಿ. ಆಳ ಇರೋ ಕೊನೆಯ ಐದಡಿಗೆ ಎತ್ತಿಡಬಹುದಾದ ಕಬ್ಬಿಣದ ಜಾಲರಿ ಹಾಕಿ, ಇಲ್ಲಾಂದರೆ ಕೊನೆಯ ಹಸು ಕಾಲು ಮುರಿದುಕೊಳ್ಳುತ್ತೆ.

ಪಶುವೈದ್ಯ_ಹಾಸನ:
ಸುಣ್ಣದ ವಿಷಯ: ಸಗಣಿಯಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಗಂಜಲದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಹಸಿ ನೆಲಕ್ಕೆ ಸುಣ್ಣ ಹಾಕಿದರೆ ಕ್ಷಾರ ಹೆಚ್ಚಿ, ಕರಗಿದ್ದ ಅಮೋನಿಯಾ ಗಾಳಿಗೆ ಬರುತ್ತದೆ. ನಿಮಗೆ ಘಾಟು ಜಾಸ್ತಿಯಾದದ್ದು ಅದಕ್ಕೇ. ಸುಣ್ಣ ಒಣ ನೆಲಕ್ಕೆ ಮಾತ್ರ. ಚರಂಡಿಗೆ ಬೇಕಿದ್ದರೆ ಸೂಪರ್ ಫಾಸ್ಫೇಟ್ ಗೊಬ್ಬರ ಉದುರಿಸಿ, ಅದು ಆಮ್ಲೀಯ, ಅಮೋನಿಯಾವನ್ನು ಹಿಡಿದಿಡುತ್ತದೆ. ಹಸು ನಿಲ್ಲುವಲ್ಲಿ ಬೇಡ.

ಮ್ಯಾಟ್ ತೆಗೆಯಬೇಡಿ, ಊದಿದ ಕೀಲಿಗೆ ಗಟ್ಟಿ ನೆಲ ಇನ್ನೂ ಕೆಟ್ಟದ್ದು. ಅಡಿಭಾಗದಲ್ಲಿ ಉಬ್ಬು ಅಥವಾ ಗೀರು ಇರುವ ಮ್ಯಾಟ್ ಆದರೆ ಒಳ್ಳೆಯದು. ಚರಂಡಿ ಅಂಚಿಗೆ ಸರಿಯಾಗಿ ಕತ್ತರಿಸಿ, ಆಚೆ ಚಾಚಿದರೆ ತುದಿ ಬಗ್ಗಿ ಕಾಲು ಜಾರುತ್ತದೆ. ವಾರಕ್ಕೊಮ್ಮೆ ಇಬ್ಬರು ಸೇರಿ ಎತ್ತಿ, ಕೆರೆದು, ಒಣಗಿಸಿ. ಸದಾ ಒದ್ದೆಯಲ್ಲಿ ನಿಂತರೆ ಗೊರಸು ಮೆತ್ತಗಾಗಿ ಹಿಮ್ಮಡಿ ಕೊರೆಯುತ್ತದೆ, ಕೆಚ್ಚಲು ಬಾವೂ ಬರುತ್ತದೆ. ಹೊಸ ಕಾಂಕ್ರೀಟ್ ಅಂಗಾಲನ್ನು ಉಜ್ಜಿ ತೆಗೆಯುತ್ತದೆ. ಎರಡು ವಾರ ಗೋಣಿ ಹೊದಿಸಿ ನೀರುಣಿಸಿ, ಚೆನ್ನಾಗಿ ತೊಳೆದು, ಮೂರು ವಾರವಾದರೂ ಬಿಟ್ಟು ಹಸು ಕಟ್ಟಿ.

ಊದಿದ ಕೀಲಿನಲ್ಲಿ ಬಿಸಿ, ಕೀವು ಅಥವಾ ಕುಂಟು ಕಂಡರೆ ವೈದ್ಯರಿಗೆ ತೋರಿಸಿ, ನೆಲದಿಂದಷ್ಟೇ ವಾಸಿಯಾಗುವುದಿಲ್ಲ.

ಸಾಗರ_ಹಟ್ಟಿ:
ಒಂದು ಮಾತು ಬಿಟ್ಟುಹೋಯಿತು, ಮಾಡಿನ (ಛಾವಣಿಯ) ನೀರು. ಅದು ಚರಂಡಿಗೆ ಬೀಳ್ತದಾ ನೋಡಿ. 30 × 20 ಅಡಿ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 5,500 ಲೀಟರ್. ನಮ್ಮ ಮಲೆನಾಡಲ್ಲಿ ತೊಟ್ಟಿ ಉಕ್ಕುವುದು ಬಹಳ ಕಡೆ ಇದಕ್ಕೇ. ನಿಮ್ಮ ಕಡೆ ಮಳೆ ಕಮ್ಮಿ ಇರಬಹುದು, ಆದರೆ ಬಂದಾಗ ಒಂದೇ ಸಲಕ್ಕೆ ಹೊಯ್ತದೆ. ಮಾಡಿನ ಅಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿ ಬೇರೆ ಕಡೆ ಬಿಡಿ.

ಚಿಂತಾಮಣಿ_ಕೊಟ್ಟಿಗೆ:
ಎಲ್ಲರಿಗೂ ಥ್ಯಾಂಕ್ಸ್. ಇಂಗುಗುಂಡಿ ಬೇಡ ಅಂದರೆ ನೀರು ಎಲ್ಲಿಗೆ ಬಿಡೋದು? ಗೋಬರ್ ಗ್ಯಾಸ್ ಹಾಕಿಸಿ ಅದಕ್ಕೇ ಬಿಟ್ಟರೆ?

ಗಾರೆ_ತುಮಕೂರು:
ತೊಳೆದ ನೀರನ್ನ ಗ್ಯಾಸಿಗೆ ಬಿಟ್ಟರೆ ಗ್ಯಾಸೇ ಬರಲ್ಲ. 3 ಘನ ಮೀಟರಿನ ಪ್ಲಾಂಟಿಗೆ ದಿನಕ್ಕೆ 75 ಕೆ.ಜಿ. ಸಗಣಿ, 75 ಲೀಟರ್ ನೀರು, ಅದು ಒಳಗೆ 40 ದಿನ ಇರಬೇಕು. ನಿಮ್ಮ 950 ಲೀಟರ್ ಬಿಟ್ಟರೆ ಆರೇ ದಿನಕ್ಕೆ ಎಲ್ಲ ಹೊರಗೆ ತಳ್ಳಿಕೊಂಡು ಹೋಗುತ್ತೆ. ಫಿನಾಯಿಲ್ ಬೆರೆತರೆ ಒಳಗಿನ ಜೀವಾಣುಗಳೂ ಸಾಯುತ್ತವೆ.

ಮೊದಲು ಸಗಣಿ ಸಲಿಕೆಯಲ್ಲಿ ಎತ್ತಿ, ಉಳಿದದ್ದನ್ನ ರಬ್ಬರ್ ವೈಪರಿನಲ್ಲಿ ಎಳೆದು, ಆಮೇಲೆ ಪೈಪ್ ಹಿಡೀರಿ. ನಳಿಕೆಗೆ ಮುಚ್ಚಿ ತೆರೆಯೋ ಗನ್ ಹಾಕಿದರೆ ಗಂಜಲವೂ ಸೇರಿ ದಿನಕ್ಕೆ 250–300 ಲೀಟರ್‌ಗೆ ಇಳಿಯುತ್ತೆ. 4 ಇಂಚಿನ ಪೈಪು ಕಿತ್ತು 6 ಇಂಚಿನದು ಹಾಕಿ. ಬೋರ್ ನೀರು ಗಡಸಿದ್ದರೆ ಗಂಜಲದ ಜೊತೆ ಸೇರಿ ಒಳಗೆ ಕಲ್ಲಿನಂಥ ಪದರ ಕಟ್ಟುತ್ತೆ, ಸಣ್ಣ ಪೈಪು ಬೇಗ ಮುಚ್ಚುತ್ತೆ. ಚರಂಡಿಯ ಕೊನೆಗೆ 2 × 2 × 2 ಅಡಿಯ ಚೇಂಬರ್ ಕಟ್ಟಿ, ಹೊರಹೋಗೋ ಪೈಪು ತಳದಿಂದ ಒಂದಡಿ ಮೇಲಿರಲಿ, ಮುಂದೆ ಜಾಲರಿ. ಹುಲ್ಲು, ಮರಳು ಅಲ್ಲೇ ನಿಲ್ಲುತ್ತೆ, ಎರಡು ದಿನಕ್ಕೊಮ್ಮೆ ತೆಗೀರಿ.

ಅಲ್ಲಿಂದ ಸೋರದ ತೊಟ್ಟಿಗೆ. 4 ಅಡಿ ಅಗಲ, ಒಂದಡಿ ಎತ್ತರದ ಸಿಮೆಂಟ್ ರಿಂಗ್ ಒಂದರಲ್ಲಿ 350 ಲೀಟರ್ ಹಿಡಿಯುತ್ತೆ. ಎಂಟು ರಿಂಗ್ ಇಳಿಸಿ, ತಳಕ್ಕೆ 4 ಇಂಚು ಕಾಂಕ್ರೀಟ್, ಸಂದುಗಳಿಗೆ ವಾಟರ್‌ಪ್ರೂಫ್ ಬೆರೆಸಿದ 1:3 ಗಾರೆ. ಒಂಬತ್ತು ಹತ್ತು ದಿನದ್ದು ಹಿಡಿಯುತ್ತೆ. ಮೇಲೆತ್ತೋಕೆ ಮಡ್ ಪಂಪ್ ಬೇಕು, ಮಾಮೂಲಿ ಮೋಟಾರ್ ಕಟ್ಟಿಕೊಳ್ಳುತ್ತೆ. ನೇಪಿಯರ್ ಹುಲ್ಲಿಗೆ ಕಟಾವಾದ ಕೂಡಲೇ ನೀರಿನ ಜೊತೆ ಬಿಡಿ, ದಿನಾ ಒಂದೇ ಮೂಲೆಗೆ ಬೇಡ. ಅತಿಯಾದರೆ ಹುಲ್ಲಿನಲ್ಲೇ ನೈಟ್ರೇಟ್ ಕೂಡಿಕೊಂಡು ಹಸುವಿಗೆ ವಿಷವಾಗುತ್ತೆ. ಆರು ಹಸುವಿನ ಗಂಜಲದಲ್ಲಿ ದಿನಕ್ಕೆ ಒಂದು ಕೆ.ಜಿ. ಯೂರಿಯಾಕ್ಕಿಂತ ಹೆಚ್ಚಿನ ಸಾರಜನಕ ಇರುತ್ತೆ. ತೊಟ್ಟಿ ತೆರೆದಿದ್ದರೆ ಅರ್ಧಕ್ಕರ್ಧ ಗಾಳಿಗೆ ಹಾರಿಹೋಗುತ್ತೆ, ಮುಚ್ಚಳ ಹಾಕಿ.

ಕೆಸರು ತೆಗೆಯೋಕೆ ಅಂತ ಯಾರನ್ನೂ ಒಳಗೆ ಇಳಿಸಬೇಡಿ, ಖಾಲಿ ಕಂಡರೂ ಸರಿ. ತಳದ ಕೆಸರು ಕದಡಿದ ಕೂಡಲೇ ಏಳೋ ಗ್ಯಾಸಿಗೆ ಆಳು ಕುಸಿದುಬಿಡ್ತಾನೆ, ಎತ್ತೋಕೆ ಇಳಿದವನೂ ಅಲ್ಲೇ. ನೀರು ಬಿಟ್ಟು ಕದಡಿ ಪಂಪಲ್ಲೇ ಎಳೀಬೇಕು, ಮುಚ್ಚಳ ತೆಗೆದಾಗ ಮಕ್ಕಳು ಹತ್ತಿರ ಬಾರದ ಹಾಗೆ ನೋಡಿಕೊಳ್ಳಿ.

ಪಶುವೈದ್ಯ_ಹಾಸನ:
ಗೊರಸಿಗೆ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಹಾಕುವವರಿದ್ದರೆ (100 ಲೀಟರಿಗೆ 5 ಕೆ.ಜಿ.) ಅದನ್ನು ಈ ತೊಟ್ಟಿಗೂ ಗ್ಯಾಸಿಗೂ ಬಿಡಬೇಡಿ. ತಾಮ್ರ ಹೊಲದ ಮಣ್ಣಿನಲ್ಲಿ ಉಳಿದುಬಿಡುತ್ತದೆ. ಆರು ಹಸುವಿಗೆ ಗೊರಸು ಅದ್ದುವ ತೊಟ್ಟಿ ತುಂಬುವ ಬದಲು ಅದೇ ಪ್ರಮಾಣದಲ್ಲಿ ಐದು ಲೀಟರ್ ಕಲಸಿ, ತೊಳೆದು ಒಣಗಿದ ಗೊರಸಿಗೆ ಸ್ಪ್ರೇಯರ್‌ನಲ್ಲಿ ಹೊಡೆದರೆ ಸಾಕು.