ಕಥೆಯ ಮೊದಲ ಸಾಲು: ಮಳೆಯಿಂದ ಶುರು ಮಾಡುವುದು ಸಾಕಲ್ವಾ?

ಡೊಂಬಿವಿಲಿ ಹುಡುಗಿ: ನಮ್ಮ ಮುಂಬೈ ಕನ್ನಡ ಕಥೆಗಳು ಎಲ್ಲಿ ನೋಡಿದರೂ "ಹೊರಗೆ ಮಳೆ ಸುರಿಯುತ್ತಿತ್ತು" ಅಂತಲೇ ಶುರುವಾಗುತ್ತವೆ. ಸಣ್ಣಕಥೆಯಲ್ಲಿ ಅಷ್ಟು ಜಾಗ ಎಲ್ಲಿದೆ? ನನ್ನ ಹೊಸ ಕಥೆಯ ಮೊದಲೆರಡು ಸಾಲು ಹೀಗಿವೆ: "ಫಾಸ್ಟ್ ಲೋಕಲ್ ಮಾಟುಂಗಾದಲ್ಲಿ ನಿಂತಾಗ ಅವಳು ಇಳಿದಳು, ಮಗು ಇಳಿಯಲಿಲ್ಲ. ಸೋಮವಾರದ ಗರ್ದಿ ಅವಳನ್ನು ಸೇತುವೆಯವರೆಗೆ ತಳ್ಳಿಕೊಂಡು ಹೋಯಿತು." ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಇಳಿಯಲಿಲ್ಲ" ಅನ್ನುವವರೆಗೂ ಓದುಗರಿಗೆ ಏನಾಯಿತೆಂದು ಗೊತ್ತಾಗುವುದಿಲ್ಲ. ಭಾಷೆಯೇ ಕೊಟ್ಟ ಈ ಲಾಭವನ್ನು ಯಾಕೆ ಬಿಡಬೇಕು?

ಸಾಯನ್ ಮಾಮ: "ಜಾಗ ಎಲ್ಲಿದೆ" ಅಂತೀರಿ. ಎಡ್ಗರ್ ಅಲನ್ ಪೋ 1839ರಲ್ಲಿ ಬರೆದ ಅಷರ್ ಮನೆತನದ ಕಥೆ ಶುರುವಾಗುವುದೇ ಶರತ್ಕಾಲದ ಮಂಕು ದಿನದಿಂದ, ಕೆಳಗೆ ಜೋತುಬಿದ್ದ ಮೋಡಗಳಿಂದ. ಅದೇನು ಸೋತ ಕಥೆಯಾ?

ಚೆಂಬೂರಕ್ಕ: ಅದೇ ಪೋ 1842ರ ವಿಮರ್ಶೆಯೊಂದರಲ್ಲಿ ಏನು ಹೇಳಿದ್ದಾನೆ ನೋಡಿ ಮಾಮ. ಅಂದುಕೊಂಡ ಪರಿಣಾಮದ ಕಡೆಗೆ ಮೊದಲ ವಾಕ್ಯವೇ ಸಾಗದಿದ್ದರೆ ಕಥೆಗಾರ ಮೊದಲ ಹೆಜ್ಜೆಯಲ್ಲೇ ಸೋತ ಹಾಗೆ. ಅವನ ಮೋಡ ಆ ಮನೆಗೆ ಬರುವ ಕೇಡನ್ನು ಮೊದಲೇ ತಿಳಿಸುತ್ತದೆ. ನಮ್ಮವರ ಮಳೆ ಸುಮ್ನೆ ಸುರಿದು ಎರಡನೇ ಪ್ಯಾರಾದಲ್ಲಿ ನಿಂತುಹೋಗುತ್ತದೆ. ನಾನು ಕರಡು ಮುಗಿದ ಮೇಲೆ ಮೊದಲ ಪ್ಯಾರಾ ಹೊಡೆದುಹಾಕಿ ಓದುತ್ತೇನೆ. ಹೆಚ್ಚಿನ ಸಲ ಕಥೆ ಎರಡನೆಯದರಲ್ಲೇ ಶುರುವಾಗಿರುತ್ತದೆ.

ಮುಲುಂಡ್ ಓದುಗ: ಪೋ ಇರಲಿ. ಫಾಸ್ಟ್ ಲೋಕಲ್ ಮಾಟುಂಗಾದಲ್ಲಿ ಯಾವಾಗ ನಿಲ್ಲುತ್ತದೆ ಮಾರಾಯ್ರೆ? ದಾದರ್ ಬಿಟ್ಟರೆ ಕುರ್ಲಾ. ಮಾಟುಂಗಾಕ್ಕೆ ಸ್ಲೋ ಹಿಡಿಯಬೇಕು.

ಡೊಂಬಿವಿಲಿ ಹುಡುಗಿ: ಹಳಿ ದುರಸ್ತಿಯ ಮೆಗಾ ಬ್ಲಾಕ್ ದಿನ ಮಾಟುಂಗಾದಿಂದ ಮುಲುಂಡ್‌ವರೆಗೆ ಫಾಸ್ಟ್ ಗಾಡಿಗಳನ್ನು ಸ್ಲೋ ಹಳಿಗೆ ತಿರುಗಿಸುತ್ತಾರೆ, ನಿಮ್ಮದೇ ಊರು.

ಮುಲುಂಡ್ ಓದುಗ: ಅದು ಭಾನುವಾರ. ನಿಮ್ಮ ಎರಡನೇ ಸಾಲಿನಲ್ಲೇ "ಸೋಮವಾರದ ಗರ್ದಿ" ಇದೆ.

ಚೆಂಬೂರಕ್ಕ: ನಿಲ್ಲಬಾರದ ಕಡೆ ಗಾಡಿ ನಿಂತಿತು ಅನ್ನುವುದೇ ಕುತೂಹಲ ಅಲ್ವಾ?

ಮುಲುಂಡ್ ಓದುಗ: ಹಾಗಿದ್ದರೆ ಗಾಡಿಯಲ್ಲಿದ್ದ ಒಬ್ಬರಾದರೂ "ಇಲ್ಲಿ ಯಾಕೆ ನಿಂತಿತು" ಅನ್ನಬೇಕು. ಯಾರೂ ಅನ್ನುವುದಿಲ್ಲ.

ಡೊಂಬಿವಿಲಿ ಹುಡುಗಿ: ಟೈಮ್‌ಟೇಬಲ್ ಬೇಕಿದ್ದರೆ ಸ್ಟೇಷನ್ನಿಗೆ ಹೋಗಿ! ಇಲ್ಲಿ ಒಬ್ಬ ತಾಯಿಯ ಮಗು ಗಾಡಿಯಲ್ಲೇ ಉಳಿದಿದೆ, ನಿಮಗೆ ಹಳಿಯ ಚಿಂತೆ.

ಮುಲುಂಡ್ ಓದುಗ: ಮೂವತ್ತು ವರ್ಷ ಇದೇ ಗಾಡಿಯಲ್ಲಿ ನೇತಾಡಿಕೊಂಡು ಹೋಗಿ ಬಂದವನು ನಾನು. ಮೊದಲ ಸಾಲಿನಲ್ಲೇ ಗಾಡಿ ಸುಳ್ಳಾದರೆ ಆ ತಾಯಿಯನ್ನೂ ನಂಬುವುದಿಲ್ಲ, ಮಗುವನ್ನೂ ನಂಬುವುದಿಲ್ಲ. ಈ ಕಥೆ ಓದುವವರಲ್ಲಿ ಅರ್ಧ ಜನ ಲೋಕಲ್‌ನಲ್ಲಿ ಕೂತೇ ಓದುವುದು.

ಸಾಯನ್ ಮಾಮ: ದಾದರ್ ಅಂತ ಹಾಕಿಬಿಡಿ, ಜಗಳ ಮುಗಿಯಲಿ.

ಚೆಂಬೂರಕ್ಕ: ದಾದರ್‌ನಲ್ಲಿ ಯಾರೂ ತಾವಾಗಿ ಇಳಿಯುವುದಿಲ್ಲ ಮಾಮ, ಜನವೇ ಇಳಿಸುತ್ತಾರೆ. ಮಗುವೂ ಹೊರಗೆ ಬಂದುಬಿಡುತ್ತದೆ. ಆಮೇಲೆ ಕಥೆ ಎಲ್ಲಿ?

ಸಾಯನ್ ಮಾಮ: ಹಾಗಾದರೆ ಮಳೆ ಹಾಕಿ! ಹಳಿ ಮುಳುಗಿದರೆ ಫಾಸ್ಟ್ ಎಲ್ಲಿ ಬೇಕಾದರೂ ನಿಲ್ಲುತ್ತದೆ. 2005ರ ಜುಲೈ 26 ಮರೆತೇಬಿಟ್ರಾ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್. ಮೊದಲಿನಿಂದ ನಾನು ಹೇಳುತ್ತಿರುವುದೂ ಅದೇ, ಈ ಊರಲ್ಲಿ ಮಳೆ ಅಲಂಕಾರ ಅಲ್ಲ, ಕಾರಣ.

ಡೊಂಬಿವಿಲಿ ಹುಡುಗಿ: ಮಳೆ ಹಾಕುವುದಿಲ್ಲ. "ಫಾಸ್ಟ್" ತೆಗೆದಿದ್ದೇನೆ. ಯಾರೋ ಹೇಳಿದ್ದಕ್ಕಲ್ಲ, ಜೋರಾಗಿ ಓದುವಾಗ ಆ ಪದ ತಡೆಯುತ್ತಿತ್ತು.

ಮುಲುಂಡ್ ಓದುಗ: ತಡೆಯುತ್ತದೆ ಅಂತಲೇ ಬೆಳಿಗ್ಗೆಯಿಂದ ಹೇಳುತ್ತಿದ್ದೇನೆ.