ರಿಪೀಟರ್ ನನಗೆ ಕೇಳುತ್ತದೆ, ನನ್ನ ಮಾತು ಮಾತ್ರ ಯಾರಿಗೂ ಕೇಳಲ್ಲ!!

ಸಾಗರದ ಹೊಸಬ:
ತಲೆ ಕೆಟ್ಟುಹೋಗಿದೆ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದು ಮೂರು ವಾರ ಆಯಿತು, ಇನ್ನೂ ಒಬ್ಬರ ಜೊತೆಗೂ ಮಾತಾಡಿಲ್ಲ. ಗುಡ್ಡದ ರಿಪೀಟರ್, ಅಂದರೆ ನಮ್ಮ ಮಾತು ಹಿಡಿದು ದೂರಕ್ಕೆ ಮತ್ತೆ ಕಳಿಸುವ ಸ್ಟೇಷನ್, ಸ್ಪಷ್ಟವಾಗಿ ಕೇಳುತ್ತದೆ. ಪಿಟಿಟಿ (ಮಾತಾಡುವ ಬಟನ್) ಒತ್ತಿ ಕರೆದರೆ ಉತ್ತರವೇ ಇಲ್ಲ. ಸೆಟ್ಟಿಂಗ್ ಎಲ್ಲಾ ಸರಿ ಇದೆ.

ಯಾಗಿ ಮಾವ:
ಯಾವ ಸೆಟ್ಟು ಅಂತ ಹೇಳಿಲ್ಲ. ಯಾವುದಾದರೇನು, ಆಂಟೆನಾ ಬದಲಿಸಿ. ರಬ್ಬರ್ ಡಕ್ (ಸೆಟ್ಟಿನ ಜೊತೆ ಬರುವ ಗಿಡ್ಡ ಆಂಟೆನಾ) ಇಟ್ಟುಕೊಂಡು ಮಲೆನಾಡಲ್ಲಿ ಏನೂ ಆಗಲ್ಲ. ನಾನು ಕರ್ಟನ್ ಪೈಪಿನಲ್ಲಿ ಮೂರು ಎಲಿಮೆಂಟಿನ ಯಾಗಿ (ಒಂದು ದಿಕ್ಕಿಗೆ ತಿರುಗಿಸಿ ಇಡುವ ಆಂಟೆನಾ) ಮಾಡಿದ್ದೇನೆ, ಏನು ಬೇಕಾದರೂ ಹಿಡಿಯುತ್ತದೆ.

ಸಾಗರದ ಹೊಸಬ:
ಬಾಫೆಂಗ್ ಯುವಿ-5ಆರ್. ಉದ್ದದ ಆಂಟೆನಾ ತರಿಸಿ ಹಾಕಿದೆ. ಅದೇ ಕಥೆ.

ಯಾಗಿ ಮಾವ:
ಹಾಗಾದರೆ ಆ ಆಂಟೆನಾನೇ ಸರಿ ಇಲ್ಲ. ಎಸ್‌ಡಬ್ಲ್ಯುಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆ ಅನ್ನೋ ಅಳತೆ) ನೋಡಿದಿರಾ?

ಕಡಿಮೆ ಪವರ್:
ಬದಲಿಸುವಾಗ ಆಂಟೆನಾ ಇಲ್ಲದೆ ಪಿಟಿಟಿ ಒತ್ತಿಲ್ಲ ತಾನೇ? ಸಿಗ್ನಲ್ ಕಳಿಸುವ ಫೈನಲ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಇನ್ನೊಂದು, ಒತ್ತಿದ ತಕ್ಷಣ ಮಾತಾಡಬೇಡಿ, ಒಂದು ಸೆಕೆಂಡ್ ಬಿಡಿ. ಗುಡ್ಡ ಕಣ್ಣಿಗೆ ಕಾಣುತ್ತಿದ್ದರೆ 1 ವ್ಯಾಟ್ ಸಾಕು, ಬ್ಯಾಟರಿನೂ ಉಳಿಯುತ್ತದೆ.

ಯಾಗಿ ಮಾವ:
1 ವ್ಯಾಟಾ? ಅಡಿಕೆ ತೋಟದೊಳಗಿಂದ? ಸುಮ್ನೆ ಏನೋ ಹೇಳಬೇಡಿ.

ಕಡಿಮೆ ಪವರ್:
ಮಾವ, ಕಾಣುತ್ತಿದ್ದರೆ ಅಂದೆ. ಪೂರ್ತಿ ಓದಿ.

ಹಳೇ ಮೋರ್ಸ್:
ಜಗಳ ಆಮೇಲೆ ಆಡಿ. ಹೊಸಬರೇ, ಪಿಟಿಟಿ ಬಿಟ್ಟ ಮೇಲೆ ರಿಪೀಟರಿನ ಬಾಲ, ಅಂದರೆ ಆ ಒಂದು ಕ್ಷಣದ ಸದ್ದು, ವಾಪಸ್ ಬರುತ್ತದಾ? ಒತ್ತಿದಾಗ ಪರದೆಯ ಮೇಲಿನ ಸಂಖ್ಯೆ ಬದಲಾಗುತ್ತದಾ?

ಸಾಗರದ ಹೊಸಬ:
ಬಾಲ ಬರಲ್ಲ. ಸಂಖ್ಯೆನೂ ಹಾಗೇ ಇರುತ್ತದೆ. ಬದಲಾಗಬೇಕಾ?

ಹಳೇ ಮೋರ್ಸ್:
ಆಗಲೇಬೇಕು! ನಿಮ್ಮ ರಿಪೀಟರ್ 600 ಕಿಲೋಹರ್ಟ್ಸ್ ಕೆಳಗೆ ಕೇಳಿಸಿಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. 145.200 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತಿದ್ದರೆ, ಒತ್ತಿದಾಗ 144.600 ಕಾಣಬೇಕು. ಮೆನು 25ರಲ್ಲಿ ಮೈನಸ್, 26ರಲ್ಲಿ 00.600, 13ರಲ್ಲಿ ಆ ರಿಪೀಟರಿನ ಟೋನ್, ಅಂದರೆ ಅದನ್ನು ತೆರೆಸುವ ಸಣ್ಣ ಸದ್ದು.

ಸಾಗರದ ಹೊಸಬ:
ಅದೆಲ್ಲಾ ಮೊದಲ ದಿನವೇ ಹಾಕಿದ್ದೇನೆ ಸಾರ್! ಚಾನೆಲ್‌ಗೆ ಸೇವ್ ಮಾಡಿ, ಆಮೇಲೆ ಮೆನುಗೆ ಹೋಗಿ ಹಾಕಿದೆ.

ಹಳೇ ಮೋರ್ಸ್:
ಇದನ್ನು ಮೊದಲೇ ಹೇಳಬಾರದಿತ್ತಾ? ಚಾನೆಲ್ ಮೋಡ್‌ನಲ್ಲಿ ಮೆನು ಬದಲಿಸಿದರೆ ಉಳಿಯುವುದಿಲ್ಲ. ಮೆನು 28ರಲ್ಲಿ ಆ ಚಾನೆಲ್ ಅಳಿಸಿ. ವಿಎಫ್‌ಒ ಮೋಡ್‌ಗೆ (ಫ್ರೀಕ್ವೆನ್ಸಿ ನೇರವಾಗಿ ಒತ್ತುವ ಮೋಡ್) ಬಂದು, ಮೇಲಿನ ಸಾಲಿನಲ್ಲಿ ಎಲ್ಲಾ ಹಾಕಿ, ಮೆನು 27ರಲ್ಲಿ ಸೇವ್ ಮಾಡಿ. ಆಮೇಲೆ ಕಳಿಸುವ ಫ್ರೀಕ್ವೆನ್ಸಿ ಒತ್ತಿ, ಅದೇ ಚಾನೆಲ್‌ಗೆ ಇನ್ನೊಂದು ಸಲ ಸೇವ್. ಎರಡು ಸಲ, ಮರೆಯಬೇಡಿ.

ಸಾಗರದ ಹೊಸಬ:
ವಿಎಫ್‌ಒನಲ್ಲಿ ಬಾಲ ಬಂತು!!! ಚಾನೆಲ್‌ಗೆ ರಾತ್ರಿ ಹಾಕುತ್ತೇನೆ. ಆಂಟೆನಾ ದುಡ್ಡು ದಂಡ ಆಯ್ತಲ್ಲಾ ಮಾವ.

ಯಾಗಿ ಮಾವ:
ದಂಡ ಏನಿಲ್ಲ, ಇನ್ನೂ ದೂರ ಹೋಗುತ್ತದೆ ನೋಡಿ. ನನ್ನ ಯಾಗಿ ಫೋಟೋ ಹಾಕಿದ್ದೇನೆ, ತಾರಸಿ ಮೇಲಿನದು.

ಕಡಿಮೆ ಪವರ್:
ಚೆನ್ನಾಗಿದೆ. ನಡುವಿನ ಕೋಲು ಮರದ್ದಾ, ಪಿವಿಸಿನಾ?