ಸ್ಟೇಡಿಯಂನಲ್ಲೇ ಇದ್ದೆ, ಗೋಲ್ ಮಾತ್ರ ನೋಡಲಿಲ್ಲ. ಆ ಫ್ರೀ ಕಿಕ್‌ಗೆ ವಿಸಲ್ ಬೇಕಿತ್ತಾ?

ಮಂಡ್ಯದ ನೀಲಿ ಅಂಗಿ:
ಮೊದಲೇ ಹೇಳುತ್ತೇನೆ, ನಗಬೇಡಿ. 2023ರ ಮಾರ್ಚ್ 3, ಕಂಠೀರವ ಸ್ಟೇಡಿಯಂ. ಐಎಸ್‌ಎಲ್ ಫುಟ್‌ಬಾಲ್ ಲೀಗ್‌ನ ನಾಕೌಟ್, ನಮ್ಮ ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್, ಸೋತವರು ಸೀದಾ ಮನೆಗೆ. ಮಂಡ್ಯದಿಂದ ಮಧ್ಯಾಹ್ನವೇ ರೈಲು ಹತ್ತಿದ್ದೆ. ಮದ್ದೂರು ದಾಟುವಷ್ಟರಲ್ಲಿ ಎರಡು ವಡೆ ಖಾಲಿ. ಲೀಗ್‌ನ ಕೊನೆಯ ಎಂಟು ಮ್ಯಾಚ್ ಸತತವಾಗಿ ಗೆದ್ದುಕೊಂಡು ಬಂದಿದ್ದ ತಂಡ ನಮ್ಮದು, ನಮಗೆಲ್ಲ ಸ್ವಲ್ಪ ಕೊಬ್ಬು ಜಾಸ್ತಿಯಾಗಿತ್ತು.

90 ನಿಮಿಷ ಮುಗಿದರೂ 0-0. ಏಳೂವರೆಗೆ ಶುರುವಾದ ಆಟ ಹೆಚ್ಚುವರಿ ಸಮಯಕ್ಕೂ ಹೋಗಬಹುದು ಅನ್ನೋ ಲೆಕ್ಕ ನನ್ನ ತಲೆಗೆ ಹೊಳೆದೇ ಇರಲಿಲ್ಲ. ವಾಪಸ್ ಹೋಗೋದು ಹೇಗೆ? ಫೋನ್‌ನಲ್ಲಿ 9 ಪರ್ಸೆಂಟ್ ಚಾರ್ಜ್. ತಲೆ ಬಗ್ಗಿಸಿ ರೈಲು, ಬಸ್ಸಿನ ಹೊತ್ತು ಹುಡುಕುತ್ತಾ ಕೂತೆ. ನಮ್ಮ ಸುನಿಲ್ ಛೆಟ್ರಿ ಬಿದ್ದದ್ದು, ಫ್ರೀ ಕಿಕ್ ಸಿಕ್ಕಿದ್ದು ಗೊತ್ತಿತ್ತು. ಎದುರಾಳಿಗಳನ್ನು ಚೆಂಡಿಗೆ ಅಡ್ಡ ಗೋಡೆ ಹಾಗೆ ನಿಲ್ಲಿಸೋಕೆ ಇನ್ನೊಂದು ನಿಮಿಷವಾದರೂ ಬೇಕು, ಅಷ್ಟರಲ್ಲಿ ನೋಡಿಬಿಡೋಣ ಅಂದುಕೊಂಡೆ.

ಅಷ್ಟೇ. ಸುತ್ತ ಎಲ್ಲರೂ ಎದ್ದು ಕಿರುಚಿದರು. ಪಕ್ಕದವನು ತಬ್ಬಿಕೊಂಡ, ನಾನೂ ತಬ್ಬಿಕೊಂಡೆ. ಯಾರು ಹೊಡೆದರು ಅಂತ ಕೇಳಲು ನಾಚಿಕೆ. ಗೋಡೆ ಕಟ್ಟಿ ಮುಗಿಯುವ ಮೊದಲೇ, ವಿಸಲ್ ಇಲ್ಲದೆ, ಛೆಟ್ರಿ ಒದ್ದುಬಿಟ್ಟಿದ್ದರಂತೆ. ಆಮೇಲೆ ನೋಡಿದರೆ ಬ್ಲಾಸ್ಟರ್ಸ್ ಕೋಚ್ ತನ್ನ ಹುಡುಗರನ್ನೆಲ್ಲ ಮೈದಾನದಿಂದ ಕರೀತಿದ್ದಾರೆ. ಅವರು ಹೋಗೇಬಿಟ್ಟರು. ಸುಮಾರು 20 ನಿಮಿಷ ಕುಣಿಯೋಕೂ ಆಗಲ್ಲ, ಮನೆಗೆ ಹೊರಡೋಕೂ ಆಗಲ್ಲ, ಹಾಗೇ ನಿಂತಿದ್ದೆವು. ಕೊನೆಗೆ ರೆಫರಿ ಆಟ ಮುಗಿಸಿದರು. 1-0. ನಾನು ಬಸ್ಸಲ್ಲಿ ಬಂದು ಮನೆ ಬಾಗಿಲು ತಟ್ಟಿದಾಗ ರಾತ್ರಿ ಎರಡು ಗಂಟೆ.

ಈಗ ನನ್ನ ಕಷ್ಟ ಏನಪ್ಪಾ ಅಂದರೆ, ನಮ್ಮ ಬೀದಿ ತುದಿಯ ಬೇಕರಿ ಚೇಟಾ ಬ್ಲಾಸ್ಟರ್ಸ್ ಭಕ್ತ. ಅವತ್ತಿನಿಂದ ಇವತ್ತಿನವರೆಗೂ ಟೀ ಕೊಡುವಾಗೆಲ್ಲ "ವಿಸಲ್ ಇಲ್ಲದ ಗೋಲು" ಅಂತ ಚುಚ್ಚುತ್ತಾನೆ. ನಾನು "ಅಲ್ಲೇ ಇದ್ದೆ ಕಣೋ, ಕಣ್ಣಾರೆ ನೋಡಿದ್ದೇನೆ" ಅಂತ ಜೋರು ಮಾಡುತ್ತೇನೆ. ಏನು ನೋಡಿದ್ದೇನೆ, ಮಣ್ಣು! ಅವನ ಹತ್ತಿರ ಮಾತಾಡೋಕೆ ಒಂದು ಗಟ್ಟಿ ಕಾರಣ ಕೊಡಿ. ನಿಜವಾಗಲೂ ವಿಸಲ್ ಬೇಕಿತ್ತಾ?

ಕರಿ ಅಂಗಿ ಮೈಸೂರು:
ಶಾಲಾ ಮಕ್ಕಳ ಟೂರ್ನಿಗಳಲ್ಲಿ ವಿಸಲ್ ಊದುವವನು ನಾನು, ಅಷ್ಟೇ ಅನುಭವ. ಫ್ರೀ ಕಿಕ್‌ಗೆ ಯಾವಾಗಲೂ ವಿಸಲ್ ಬೇಕು ಅನ್ನೋದು ತಪ್ಪು. ಎದುರಾಳಿಗಳು 9.15 ಮೀಟರ್ ದೂರ ಇರಬೇಕು ಅನ್ನೋದು ಒದೆಯುವ ತಂಡಕ್ಕೆ ಇರುವ ಅನುಕೂಲ. ಬೇಡ ಅಂದರೆ ಚೆಂಡು ನಿಲ್ಲಿಸಿ ತಕ್ಷಣ ಒದೆಯಬಹುದು. "ಗೋಡೆ ಹಿಂದೆ ಸರಿಸಿ" ಅಂತ ಕೇಳಿದರೆ, ಅಥವಾ ರೆಫರಿಯೇ ಅದಕ್ಕೆ ಕೈ ಹಾಕಿದರೆ, ಆಗ ವಿಸಲ್‌ಗೆ ಕಾಯಲೇಬೇಕು. ಗೋಡೆನೂ ಬೇಡ, ವಿಸಲ್ಲೂ ಬೇಡ ಅಂತ ರೆಫರಿಗೆ ಮೊದಲೇ ಹೇಳಿದ್ದಾಗಿ ಛೆಟ್ರಿ ಮ್ಯಾಚ್ ಆದ ಮೇಲೆ ಹೇಳಿದ್ದರು. ಮೊದಲ ಸಲ ಒದೆಯಲು ಹೋದಾಗ ಬ್ಲಾಸ್ಟರ್ಸ್‌ನ ಲೂನಾ ಅಡ್ಡ ಬಂದರು. ಅಂದರೆ ಆ ಕಡೆಯವರಲ್ಲಿ ಒಬ್ಬರಿಗಾದರೂ ವಾಸನೆ ಬಡಿದಿತ್ತು.

ಆದರೆ ಒಂದು ಮಾತು. ಅಷ್ಟು ಹೊತ್ತು ಕಳೆದ ಮೇಲೂ ಅದು "ತಕ್ಷಣ" ಅನ್ನಿಸಿಕೊಳ್ಳುತ್ತಾ? ನಾನಾಗಿದ್ದರೆ ಎರಡೂ ಕಡೆಯವರಿಗೆ ಕೇಳುವ ಹಾಗೆ ಜೋರಾಗಿ ಹೇಳಿರುತ್ತಿದ್ದೆ. ವಿಡಿಯೋದಲ್ಲಿ ಮತ್ತೆ ನೋಡಿ ತೀರ್ಪು ಕೊಡೋಕೆ ವಿಎಆರ್ ಕೂಡ ಅವತ್ತು ಇರಲಿಲ್ಲ ಬಿಡಿ, ನಮ್ಮ ಲೀಗ್‌ನಲ್ಲಿ ಪಾಪದ ರೆಫರಿಗೆ ಎರಡು ಕಣ್ಣು ಅಷ್ಟೇ.

ಬತ್ತೇರಿ ಹುಡುಗ:
ನಾನು ಹಳದಿ ಕಡೆಯವನು, ಅಂದರೆ ಬ್ಲಾಸ್ಟರ್ಸ್; ಕೆಲಸ ಮೈಸೂರಲ್ಲಿ. ಗೋಲು ಕೊಟ್ಟಿದ್ದು ಸರಿಯಿಲ್ಲ ಅಂತಲೇ ಈಗಲೂ ನನ್ನ ವಾದ. ಆದರೆ ನಿಮ್ಮ ಚೇಟಾಗೆ ಇಷ್ಟು ಕೇಳಿ: ಗೋಲ್ ಬಿದ್ದದ್ದು 96ನೇ ನಿಮಿಷ. ಹೆಚ್ಚುವರಿ ಸಮಯ ಸೇರಿ 120 ನಿಮಿಷದ ಆಟ, ಇನ್ನೂ 24 ನಿಮಿಷ ಬಾಕಿ ಇತ್ತು. ಒಂದು ಗೋಲು ಹೊಡೆಯೋಕೆ ಅಷ್ಟು ಸಾಲದಾ? ಎದ್ದು ಹೋಗಿ ನಮಗೆ ಸಿಕ್ಕಿದ್ದು ಕ್ಲಬ್‌ಗೆ 4 ಕೋಟಿ ದಂಡ, ಕೋಚ್‌ಗೆ 10 ಮ್ಯಾಚ್ ನಿಷೇಧ. ಅವತ್ತು ಕೋಚ್ ಪರ ನಾನೂ ಕಿರುಚಿದ್ದೆ. ಮಾರನೇ ದಿನ ಬೆಳಿಗ್ಗೆ ಹೊಟ್ಟೆ ಉರಿದದ್ದು ಗೋಲಿಗಲ್ಲ, ಆ 24 ನಿಮಿಷಕ್ಕೆ.

ಕಾವೇರಿ ತೀರ:
ಇಷ್ಟೆಲ್ಲ ಯಾಕೆ ಗುರು? ಅದೇ ವರ್ಷ ಫೆಬ್ರುವರಿ 11ಕ್ಕೆ ಅದೇ ಕಂಠೀರವದಲ್ಲಿ, ಅದೇ ಬ್ಲಾಸ್ಟರ್ಸ್ ಮೇಲೆ, ಅದೇ 1-0 ಗೆದ್ದಿದ್ದೆವು. ರಾಯ್ ಕೃಷ್ಣ ಗೋಲು. ಅದರಲ್ಲಿ ಯಾರೂ ಎದ್ದು ಹೋಗಲಿಲ್ಲ. ಚೇಟಾಗೆ ಅದನ್ನು ಹೇಳಿ ಟೀ ಕುಡಿದು ಬನ್ನಿ.

ಮಂಡ್ಯದ ನೀಲಿ ಅಂಗಿ:
ಫೆಬ್ರುವರಿ ಮ್ಯಾಚ್ ಎತ್ತಿದರೆ "ಅದು ಬೇರೆ, ಇದು ಬೇರೆ" ಅಂತಾನೆ, ಆಗಲೇ ನೋಡಿದ್ದೇನೆ. ಇನ್ನೊಂದು ಸಂಕಟ ಕೇಳಿ. ಮುಂಬೈ ಮೇಲಿನ ಸೆಮಿಫೈನಲ್ ಮಾರ್ಚ್ 12ಕ್ಕೆ ಕಂಠೀರವದಲ್ಲಿತ್ತು. ಪೆನಾಲ್ಟಿಯಲ್ಲಿ 9-8, ಜೀವಮಾನದ ಮ್ಯಾಚ್. ಅದೇ ದಿನ ಪ್ರಧಾನಿ ಹೊಸ ಹೆದ್ದಾರಿ ಉದ್ಘಾಟನೆಗೆ ಮಂಡ್ಯಕ್ಕೆ ಬಂದಿದ್ದರು. ಊರೆಲ್ಲ ಜನ. ಹೊರಡೋಕಾಗದೆ ಟಿವಿಯಲ್ಲೇ ನೋಡಿದೆ. ಹೋದ ಮ್ಯಾಚಲ್ಲಿ ಗೋಲ್ ನೋಡಲಿಲ್ಲ, ಎಲ್ಲ ನೋಡಿದ ಮ್ಯಾಚಿಗೆ ಹೋಗಲಿಲ್ಲ!

ಇವತ್ತು ಬೆಳಿಗ್ಗೆ ಬತ್ತೇರಿ ಹುಡುಗ ಹೇಳಿದ 24 ನಿಮಿಷದ ಮಾತು ತೆಗೆದೆ. ಚೇಟಾ ಬನ್ ಮೇಲಿನ ನೊಣ ಓಡಿಸುತ್ತಾ ಸುಮ್ಮನಿದ್ದ. ಗೆದ್ದೆ ಅಂದುಕೊಂಡರೆ, ಫೋನ್ ತೆಗೆದು ಆ ವಿಡಿಯೋ ಹಾಕಿಯೇಬಿಟ್ಟ. ಇಬ್ಬರೂ ಗಾಜಿನ ಡಬ್ಬಿಗಳ ಮೇಲೆ ಬಾಗಿ ನೋಡಿದೆವು. ಗೋಲ್ ಕೀಪರ್ ಇನ್ನೂ ಗೋಡೆ ಕಟ್ಟಿಸುತ್ತಿರುವ ಜಾಗದಲ್ಲಿ ನಿಲ್ಲಿಸಿ, "ನೀನೆಲ್ಲಿದ್ದೆ, ತೋರಿಸು" ಅಂದ.

ಹಿಂದಿನ ಮಸುಕು ಗುಂಪಿನ ಮೇಲೆ ಬೆರಳಿಟ್ಟೆ. "ಅಲ್ಲಿ. ಎಲ್ಲರೂ ಮೈದಾನ ನೋಡ್ತಿದ್ದಾರಲ್ಲ, ಒಬ್ಬ ಮಾತ್ರ ತಲೆ ಬಗ್ಗಿಸಿದ್ದಾನಲ್ಲ? ಅವನೇ."